ಮೊಮ್ಮಗಳಿಗೆ ಎರೆದ ದಿನ

ನನ್ನ ಮೊಮ್ಮಗಳು ಎರಡೂವರೆ ಕಿಲೋ ದಾಟಿದ್ದಾಳೆ. ಇದನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ. ತರಕಾರಿ ಮಾರುವವಳಿಗೂ ಹೇಳಿದೆ. ತೂಕದ ಮಾತಾದ್ದರಿಂದ ಆಕೆ ತಕ್ಕಡಿ ಕೆಳಗಿಟ್ಟು ಕೇಳಿಸಿಕೊಂಡಳು. ಈಗ ನಿಮಗೂ ಹೇಳುತ್ತಿದ್ದೇನೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಓದುತ್ತೇನೆ, ಬಹಳ ನಿಧಾನ. ಬರೆಯುವುದು ಅದಕ್ಕಿಂತ ನಿಧಾನ. ಆದರೂ ಇದನ್ನು ನಾನೇ ಬರೆಯಬೇಕು, ಯಾಕೆಂದರೆ ಇದರಲ್ಲಿ ಒಂದು ತಪ್ಪಿದೆ, ಆ ತಪ್ಪು ನನ್ನದು.

ಮಗಳನ್ನು ದೇವದುರ್ಗಕ್ಕೆ ಕೊಟ್ಟಿದ್ದೇವೆ. ಮೊದಲ ಹೆರಿಗೆಗೆಂದು ಮಾನ್ವಿಗೆ, ನಮ್ಮ ಮನೆಗೆ ಬಂದಿದ್ದಳು. ದಿನ ತುಂಬುವುದಕ್ಕೆ ಇನ್ನೂ ಒಂದೂವರೆ ತಿಂಗಳಿರುವಾಗ ಬೆಳಿಗ್ಗೆ ಬೆಳಿಗ್ಗೆಯೇ ಬೇನೆ ಬಂತು. ನನ್ನ ಯಜಮಾನರು ಅಕ್ಕಿ ಗಿರಣಿಗೆ ಕೆಲಸಕ್ಕೆ ಹೋಗಿದ್ದರು. ನಮ್ಮ ಓಣಿಯಲ್ಲಿ ಒಬ್ಬರಿದ್ದಾರೆ, ನಲವತ್ತೈದರ ಆಸುಪಾಸಿನವರು, ಚುನಾವಣೆ ಬಂದರೆ ಮನೆಮನೆ ತಿರುಗಿ ಓಟು ಕೇಳುವವರು. ಅವರೇ ತಮ್ಮ ಜೀಪು ತಂದು ನಮ್ಮನ್ನು ರಾಯಚೂರಿನ ದವಾಖಾನೆಗೆ ಮುಟ್ಟಿಸಿದರು. ದಾರಿಯುದ್ದಕ್ಕೂ ನನ್ನ ಮಗಳಿಗೆ "ಹೆದರಬ್ಯಾಡವ್ವ, ಬಂದ್ವಿ, ಬಂದ್ವಿ" ಅನ್ನುತ್ತಲೇ ಇದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವರ ಬಗ್ಗೆ ಬೇರೆ ಮಾತು ಬರುತ್ತದೆ, ಆಗ ನೀವು ಇದನ್ನು ಮರೆಯಬಾರದು.

ಕೂಸು ಅಂಗೈಯಷ್ಟಿತ್ತು. ಹುಟ್ಟಿದ ಕೂಡಲೇ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಹನ್ನೊಂದು ದಿನ ಅಲ್ಲೇ. ನಾನು ದಿನಾ ಬೆಳಿಗ್ಗೆ ಮಾನ್ವಿಯಿಂದ ರಾಯಚೂರಿಗೆ ಹೋಗಿ ಸಂಜೆ ಬರುತ್ತಿದ್ದೆ. ಹೆಂಗಸರಿಗೆ ಟಿಕೆಟ್ ಕೇಳದ ಬಸ್ಸು. ಕೆಲವು ಗಂಡಸರು ನಮ್ಮನ್ನು ನೋಡಿ "ಇವ್ರಿಗೇನು ಕೆಲ್ಸ ಬೊಗಸಿ, ಸುಮ್ನ ತಿರಗ್ತಾರ" ಅಂತ ಗೊಣಗುತ್ತಿದ್ದರು. ನಾನು ಯಾವ ಪಕ್ಷದವಳೂ ಅಲ್ಲ. ಆದರೆ ಆ ಬಸ್ಸಿನಲ್ಲಿ ಮಡಿಲಲ್ಲಿ ಬುತ್ತಿ ಇಟ್ಟುಕೊಂಡು ಕೂತವರನ್ನು ನಾನು ನೋಡಿದ್ದೇನೆ. ಒಬ್ಬಳು ಅವ್ವನ ಕಣ್ಣಿನ ಆಪರೇಷನ್‌ಗೆ, ಒಬ್ಬಳು ಮಗನ ಕಾಲಿನ ಪಟ್ಟಿ ಬಿಚ್ಚಿಸಲಿಕ್ಕೆ ಹೊರಟವಳು. ರಾಜಕೀಯ ಅಂದರೆ ನನಗೆ ತಿಳಿದದ್ದು ಇಷ್ಟೇ: ಯಾರೋ ಮೇಲೆ ಕೂತು ಮಾಡಿದ ಒಂದು ನಿರ್ಧಾರ ನನ್ನನ್ನು ಮೊಮ್ಮಗಳ ಹತ್ತಿರ ಮುಟ್ಟಿಸುತ್ತದೆಯೋ, ದೂರ ಮಾಡುತ್ತದೆಯೋ.

ಫೋನಿನ ಬಗ್ಗೆಯೂ ನನಗೆ ಒಂದು ಅಭಿಪ್ರಾಯವಿದೆ. ಮಗಳ ಹಳೆಯ ಫೋನು ನನಗೆ ಬಂದಿದೆ, ಗಾಜು ಒಂದು ಮೂಲೆಯಲ್ಲಿ ಒಡೆದಿದೆ. ಆ ಹನ್ನೊಂದು ದಿನ ಅದರಿಂದಲೇ ನಾನು ಎರಡು ಮನೆಗಳ ಹೆಂಗಸರಿಗೆ ಕೂಸಿನ ಮುಖ ತೋರಿಸಿದೆ. ಒಂದು, ದೇವದುರ್ಗದ ಬೀಗತಿಗೆ. ಇನ್ನೊಂದು, ನಮ್ಮ ಪಕ್ಕದ ಮನೆಯ ಆಪಾಗೆ.

ಆಪಾ ಎಂದರೆ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ಮನೆಯಲ್ಲಿ ಉರ್ದು ಮಾತಾಡುತ್ತಾರೆ, ನಮ್ಮ ಜೊತೆ ಕನ್ನಡ. ಓಣಿಯ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರು ಎರೆಯುವವಳು ಆಕೆಯೇ. ಆಕೆ ಎರೆದರೆ ಕೂಸು ಎರಡು ತಾಸು ಅಲುಗಾಡದೆ ಮಲಗುತ್ತದೆ. ನನ್ನ ಮಗಳಿಗೂ ಆಕೆಯೇ ಎರೆದದ್ದು. ಫೋನಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಕೂಸನ್ನು ನೋಡಿ ಆಪಾ ಕಣ್ಣು ಒರೆಸಿಕೊಂಡಳು. ಆಮೇಲೆ ಬೈದಳು: "ಏ, ಫೋನು ಸರಿಯಾಗಿ ಹಿಡಿ. ಮ್ಯಾಲಿನ ಛತ್ತು ತೋರಿಸಾಕತ್ತೀದಿ!"

ಕೂಸನ್ನು ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದರು, ಎರಡೂವರೆ ಕಿಲೋ ಆಗುವ ತನಕ ನೀರು ಎರೆಯಬೇಡಿ, ಎದೆಗೆ ಅವಚಿಕೊಂಡು ಬೆಚ್ಚಗಿಡಿ. ನಾನು, ಮಗಳು ಪಾಳಿ ಹಚ್ಚಿ ಎದೆಗೆ ಕಟ್ಟಿಕೊಂಡೆವು. ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಬಂದು ತೂಗುತ್ತಿದ್ದಳು. ಆಪಾ ದಿನಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, "ಆತೇನು?" "ಇನ್ನಾ ಇಲ್ಲ ಆಪಾ." "ನನ್ನ ಕೈ ಕಡಿಯಾಕತ್ಯಾವ ನೋಡು."

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಓಣಿಯವರದು ಒಂದು ವಾಟ್ಸಾಪ್ ಗ್ರೂಪ್ ಇದೆ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಅಂತ ತಿಳಿಸಲು ಮಾಡಿದ್ದು. ಜೀಪಿನವರೇ ಮಾಡಿದ್ದು, ಒಳ್ಳೆಯ ಕೆಲಸ. ಚುನಾವಣೆ ಹತ್ತಿರ ಬಂದ ಮೇಲೆ ಅದರಲ್ಲಿ ನೀರಿಗಿಂತ ಬೇರೆ ಸುದ್ದಿಯೇ ಜಾಸ್ತಿ ಬರತೊಡಗಿತು. ಉದ್ದುದ್ದ ಬರಹ. ನಾನು ಮೊದಲ ಸಾಲು ಕೂಡಿಸುವಷ್ಟರಲ್ಲಿ ಹಾಲು ಉಕ್ಕುತ್ತಿತ್ತು. ಆದರೆ ಒಬ್ಬರು ಏನೋ ಹೇಳಿದಾಗ ಸುಮ್ಮನೆ ಎದ್ದು ಹೋಗುವುದು ನಮ್ಮಲ್ಲಿ ಇಲ್ಲ. ಅದಕ್ಕೇ ಪ್ರತಿಯೊಂದರ ಕೆಳಗೆ ಎರಡು ಕೈ ಮುಗಿದ ಚಿತ್ರ ಒತ್ತುತ್ತಿದ್ದೆ. ನೀರು ಬಂತು ಅಂದರೂ ಕೈ ಮುಗಿಯುವುದು, ಯಾರೋ ತೀರಿಕೊಂಡರು ಅಂದರೂ ಕೈ ಮುಗಿಯುವುದು. ಓದದಿದ್ದರೂ ಮರ್ಯಾದೆ ಮುಟ್ಟಿತಲ್ಲ ಅಂದುಕೊಂಡಿದ್ದೆ.

ಒಂದು ಸೋಮವಾರ ಆಶಾ ಕಾರ್ಯಕರ್ತೆ ಜೋಳಿಗೆಯಂಥ ತಕ್ಕಡಿಯಲ್ಲಿ ಕೂಸನ್ನು ತೂಗಿ, "ಎರಡೂವರಿ ಮ್ಯಾಲ ಐವತ್ತು ಗ್ರಾಂ! ಎರಿರಿ ಇನ್ನ" ಅಂದಳು. ನಾನು ಕುಣಿಯುವುದೊಂದು ಬಾಕಿ. ಅಲ್ಲಿಂದಲೇ ಗೋಡೆಯಾಚೆ ಕೂಗಿದೆ, "ಆಪಾ, ನಾಳಿ ಹತ್ತಕ್ಕ ಬಾ!" ಆಚೆಯಿಂದ ಉತ್ತರ ಬರಲಿಲ್ಲ. ಕೇಳಿಸಿರಬೇಕು ಅಂದುಕೊಂಡೆ.

ಮಂಗಳವಾರ ಹಂಡೆ ತುಂಬ ನೀರು ಕಾಯಿಸಿದೆ. ಕೊಬ್ಬರಿ ಎಣ್ಣೆ, ಹೆಸರು ಹಿಟ್ಟು, ಮೆತ್ತನೆಯ ಹಳೆ ಸೀರೆ ಎಲ್ಲ ತಯಾರು. ಹತ್ತಾಯಿತು. ಹನ್ನೊಂದಾಯಿತು. ಆಪಾ ಬರಲಿಲ್ಲ. ಅವರ ಮನೆಗೆ ಹೋದೆ. ಸೊಸೆ ಬಾಗಿಲು ಅರ್ಧ ತೆರೆದು, "ಅತ್ತಿ ಮನ್ಯಾಗಿಲ್ರೀ" ಅಂದಳು. ಆಪಾಳ ಚಪ್ಪಲಿ ಹೊಸ್ತಿಲ ಹೊರಗೇ ಇದ್ದವು. ಆಪಾಗೆ ಇರುವುದು ಅದೊಂದೇ ಜೋಡು. ಸೊಸೆಯೂ ನಾನು ಚಪ್ಪಲಿ ನೋಡುವುದನ್ನು ನೋಡಿದಳು.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ನನ್ನ ಫೋನು ತೆಗೆದುಕೊಂಡು ಮೇಲೆ ಕೆಳಗೆ ಸರಿಸುತ್ತಾ ಹೋದವಳು ಒಂದು ಕಡೆ ನಿಂತಳು.

"ಯವ್ವಾ, ಇದ್ರಾಗ ಏನದ ಗೊತ್ತೇನು ನಿನಗ?"

"ಏನದ?"

ಓದಿದಳು. ಅವರ ಅಂಗಡಿಗೆ ಹೋಗಬೇಡಿ, ಅವರ ಹೆಂಗಸರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ, ನಮ್ಮ ಮಕ್ಕಳನ್ನು ಅವರ ಕೈಗೆ ಕೊಡಬೇಡಿ, ಇದಕ್ಕೆ ಒಪ್ಪಿಗೆ ಇದ್ದವರು ತಿಳಿಸಿ. ಕಳಿಸಿದವರು ಜೀಪಿನವರು. ಕೆಳಗೆ ಒಪ್ಪಿಗೆ ತಿಳಿಸಿದವರಲ್ಲಿ ನನ್ನ ಎರಡು ಮುಗಿದ ಕೈಗಳೂ ಇದ್ದವು. ಆಪಾಳ ಸೊಸೆಯೂ ಅದೇ ಗ್ರೂಪಿನಲ್ಲಿದ್ದಾಳೆ. ಅವಳಿಗೂ ನೀರು ಬೇಕಲ್ಲ.

ನಾನು ಕೂತಲ್ಲೇ ಕೂತೆ. "ಅಳಸು ಅದನ್ನ, ಈಗ ಅಳಸು" ಅಂದೆ. ಮಗಳು ಅಳಿಸಿದಳು. ಒಂದು ಬೆರಳು, ಒಂದು ಕ್ಷಣ. ಆದರೆ ಅಳಿಸಿದ್ದು ಫೋನಿನಿಂದ ಮಾತ್ರ. ನೋಡಿದವರ ಎದೆಯೊಳಗೆ ಅದು ಇನ್ನೂ ಹಾಗೇ ಇದೆಯಲ್ಲ, ಅಲ್ಲಿಗೆ ಯಾರ ಬೆರಳೂ ಮುಟ್ಟುವುದಿಲ್ಲ. ಫೋನಿನ ಬಗ್ಗೆ ನನಗಿರುವ ದೂರು ಇದೊಂದೇ. ಮಾಡುವುದನ್ನೂ ತೆಗೆಯುವುದನ್ನೂ ಅದು ಬಹಳ ಹಗುರ ಮಾಡಿಬಿಟ್ಟಿದೆ.

ಮತ್ತೆ ಹೋದೆ. ಈ ಸಲ ಸೊಸೆಯನ್ನು ಕೇಳಲಿಲ್ಲ, ಸೀದಾ ಒಳಗೆ ನಡೆದೆ. ಆಪಾ ಮಂಚದ ಮೇಲೆ ಕೂತು ಬಳ್ಳೊಳ್ಳಿ ಬಿಡಿಸುತ್ತಿದ್ದಳು.

"ಆಪಾ, ನಾ ಓದಿದ್ದಿಲ್ಲ. ಆಣಿ ಮಾಡಿ ಹೇಳ್ತೀನಿ, ನಾ ಓದಿದ್ದಿಲ್ಲ."

"ಗೊತ್ತದ" ಅಂದಳು. ತಲೆ ಎತ್ತಲಿಲ್ಲ. "ನೀ ಬಸ್ಸಿನ ಬೋರ್ಡ್ ಓದೂದ್ರಾಗ ಬಸ್ಸು ಸಿಂಧನೂರು ದಾಟಿರ್ತದ. ಅಷ್ಟುದ್ದ ಎಲ್ಲಿ ಓದ್ತೀದಿ?"

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. "ಮತ್ಯಾಕ ಬರ್ಲಿಲ್ಲ? ಸಿಟ್ಟು ಇಲ್ಲಂದ್ರ ಯಾಕ ಬರ್ಲಿಲ್ಲ?"

ಆಪಾ ಬಳ್ಳೊಳ್ಳಿ ಕೆಳಗಿಟ್ಟಳು. "ಸಿಟ್ಟಲ್ಲ ಬೇ. ಅಂಜಿಕಿ. ಸಣ್ಣ ಕೂಸು. ನಾಳಿ ಒಂದು ಸೀನು ಬಂತಂದ್ರ, ಮೈ ಬಿಸಿ ಆತಂದ್ರ, ಏನಂತಾರ? ಆಕಿ ಎರದ್ಲು, ಹಿಂಗಾತು ಅಂತಾರ. ಮದ್ಲು ಹಂಗ ಅಂತಿದ್ದಿಲ್ಲ. ಕೂಸಿಗಿ ಜ್ವರ ಬಂದ್ರ ಜ್ವರ ಬಂತು ಅಂತಿದ್ರು. ಈಗ ನನ್ನ ಮನಿ ಮುಂದ ಬರ್ತಾರ. ನನಗ ಮಕ್ಕಳು ಮೊಮ್ಮಕ್ಕಳು ಅದಾವ. ನಕೋ, ಬ್ಯಾಡ, ನೀನೇ ಎರಿ."

ನಾನು ಕ್ಷಮೆ ಕೇಳಲು ಹೋಗಿದ್ದೆ. ಕ್ಷಮೆ ಆಕೆಗೆ ಬೇಕಾಗಿರಲಿಲ್ಲ. ಎಷ್ಟೋ ಕೂಸುಗಳ ಕುತ್ತಿಗೆ ಗಟ್ಟಿ ಮಾಡಿದ ಆ ಕೈಗಳು ನನ್ನ ಮೊಮ್ಮಗಳನ್ನು ಮುಟ್ಟಲು ಅಂಜುತ್ತಿದ್ದವು, ಆ ಅಂಜಿಕೆಯಲ್ಲಿ ನನ್ನದೂ ಒಂದು ಪಾಲಿತ್ತು. ಕನಿಕರ ಅಂದರೆ ಮನಸ್ಸಿನೊಳಗೆ ಮೆತ್ತಗಾಗುವುದು ಅಂತ ತಿಳಿದಿದ್ದೆ. ಅಂದು ತಿಳಿಯಿತು, ಒಬ್ಬರ ಅಂಜಿಕೆಯನ್ನು ಇಳಿಸಿ ನಮ್ಮ ತಲೆಯ ಮೇಲೆ ಹೊತ್ತುಕೊಳ್ಳದಿದ್ದರೆ ಆ ಮೆತ್ತಗಾಗುವುದರಿಂದ ಯಾರಿಗೂ ಉಪಯೋಗವಿಲ್ಲ.

ಮೊದಲು ದೇವದುರ್ಗಕ್ಕೆ ಫೋನು ಮಾಡಿದೆ. ಕೂಸು ಅವರ ಮನೆಯದು, ಅವರನ್ನು ಕೇಳಬೇಕು. ನಡೆದದ್ದೆಲ್ಲ ಮುಚ್ಚುಮರೆ ಇಲ್ಲದೆ ಹೇಳಿದೆ. ಬೀಗತಿ ಕೊನೆ ತನಕ ಕೇಳಿ, "ಎಲ್ಲಾ ಖರೆ ರೀ, ಆದ್ರ ಆಕಿಗಿ ಮೂಗು ಛಂದಗೆ ತಿದ್ದಾಕ ಹೇಳ್ರಿ. ನಮ್ಮ ಮನ್ಯಾವ್ರ ಮೂಗು ಬಂದದ, ಫೋನಿನ್ಯಾಗ ನೋಡೀನಿ" ಅಂದರು. ಆಕೆಯ ತಕರಾರು ಅದೊಂದೇ.

ಮರುದಿನ ಬೆಳಿಗ್ಗೆ ಎಂಟಕ್ಕೆ ಮಗಳ ಕಡೆಯಿಂದ ಫೋನು ಹಿಡಿಸಿಕೊಂಡು ಗ್ರೂಪಿನಲ್ಲಿ ಮಾತಾಡಿದೆ. ಬರೆಯಲಿಲ್ಲ, ಬಾಯಿಂದಲೇ ಹೇಳಿ ಕಳಿಸಿದೆ. "ಎಲ್ಲಾರಿಗೂ ಶರಣು. ಮೊನ್ನಿ ಒಂದು ಬರಹದ ಕೆಳಗ ನಾ ಓದದ ಕೈ ಮುಗದೀನಿ, ಅದು ನನ್ನ ತಪ್ಪು. ಅದಕ್ಕ ನಂದು ಒಪ್ಪಿಗಿಲ್ಲ. ಇವತ್ತು ಹತ್ತು ಗಂಟಿಗಿ ನನ್ನ ಮೊಮ್ಮಗಳಿಗಿ ಆಪಾನೇ ಎರೀತಾಳ, ನಮ್ಮ ಅಂಗಳದಾಗ. ಬಂದು ನೋಡ್ರಿ. ಎರದ ಮ್ಯಾಲ ಕೂಸಿಗಿ ನೆಗಡಿ ಬರ್ಲಿ, ಜ್ವರ ಬರ್ಲಿ, ಏನ ಬಂದ್ರೂ ಅದು ನನ್ನ ಜವಾಬ್ದಾರಿ. ಕೇಳೂದಿದ್ರ ನನ್ನ ಕೇಳ್ರಿ." ಆಮೇಲೆ ಹೇಗೆ ನಿಲ್ಲಿಸಬೇಕೋ ತಿಳಿಯದೆ, "ಸಾಕೇನವ್ವ?" ಅಂದದ್ದೂ ಅದರಲ್ಲೇ ಹೋಯಿತು.

ಒಂಬತ್ತಕ್ಕೆ ಜೀಪಿನವರು ಬಂದರು. ಬಾಗಿಲ ಹೊರಗೇ ನಿಂತರು. ನಾನು ಅವರಿಗೊಂದು ದಾರಿ ಕೊಡೋಣ ಅಂತ, "ನೀವೂ ನನ್ನಂಗ ಓದದ ಕಳ್ಸೀರಿ ಕಾಣಸ್ತದ" ಅಂದೆ.

ಅವರು ನೆಲ ನೋಡಿದರು. "ಇಲ್ಲ ಯವ್ವಾ. ಓದೇ ಕಳ್ಸೀನಿ."

ಆಮೇಲೆ "ಕೂಸು ಎಷ್ಟಾಗ್ಯಾದ?" ಅಂತ ಕೇಳಿದರು. ಹೇಳಿದೆ. ತಲೆಯಾಡಿಸಿ ಹೋದರು. ಮಧ್ಯಾಹ್ನದ ಹೊತ್ತಿಗೆ ಗ್ರೂಪಿನಿಂದ ಆ ಬರಹ ಹೋಗಿತ್ತು. ಆಪಾಳ ಜೊತೆ ಅವರು ಇನ್ನೂ ಮಾತಾಡಿಲ್ಲ. ಅದೆಲ್ಲ ಒಂದೇ ದಿನಕ್ಕೆ ಆಗುವುದೂ ಇಲ್ಲ. ಅವರು ಯಾರಿಗೆ ಬೇಕಾದರೂ ಓಟು ಕೇಳಲಿ, ನಾನು ಬೇಡ ಅನ್ನುವುದಿಲ್ಲ. ಓಟಿಗಾಗಿ ನಮ್ಮ ಬಚ್ಚಲ ತನಕ ಬರಬಾರದು, ಅಷ್ಟೇ.

ಹತ್ತಕ್ಕೆ ಐದು ನಿಮಿಷವಿತ್ತು. ಸೊಸೆಯ ಫೋನಿನಲ್ಲಿ ಆಪಾ ಕೇಳಿಸಿಕೊಂಡಿರಬೇಕು ಅಂತ ನಾನು ಹಂಡೆಯ ಹತ್ತಿರ ನಿಂತು ಆಪಾಳ ಮನೆಯ ಬಾಗಿಲನ್ನೇ ನೋಡುತ್ತಿದ್ದೆ. ಓಣಿಯ ನಾಲ್ಕು ಹೆಂಗಸರು ಕಟ್ಟೆಯ ಮೇಲೆ ಬಂದು ಕೂತಿದ್ದರು, ಇಬ್ಬರು ಗಾಬರಿಯಲ್ಲಿ, ಇಬ್ಬರು ತಮಾಷೆ ನೋಡಲಿಕ್ಕೆ. ಆಪಾ ಹೊರಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಅಷ್ಟು ಸಾಕಾಯಿತು ನನಗೆ.

"ಏನಿದು, ನೀರು ಹಿಂಗ ಕಾಸೀದಿ? ಕೂಸಿಗಿ ಎರೀತೀಯೋ, ಕೋಳಿ ಪುಕ್ಕ ಕೀಳ್ತೀಯೋ?" ಅಂದಳು, ಮೊಳಕೈ ಅದ್ದಿ ನೋಡಿ. ತಣ್ಣೀರು ಬೆರೆಸಿದಳು. ಲೋಬಾನದ ಹೊಗೆ ಹಾಕಬಾರದು ಅಂತ ಆಶಾ ಕಾರ್ಯಕರ್ತೆ ಹೇಳಿದ್ದನ್ನು ತಿಳಿಸಿದೆ. "ಎಲ್ಲಾ ಆಕಿನ್ನೇ ಕೇಳ್ರಿ" ಅಂತ ಗೊಣಗಿದಳು, ಆದರೆ ಹಾಕಲಿಲ್ಲ. ಕಾಲು ನೀಡಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು. ಎಣ್ಣೆ ಅಂಗೈಗೆ ಹಾಕಿಕೊಂಡು ಒಮ್ಮೆ ಕಟ್ಟೆಯ ಕಡೆ ನೋಡಿದಳು. ಎಣ್ಣೆ ಹಚ್ಚುತ್ತಾ ಹಚ್ಚುತ್ತಾ ಕಟ್ಟೆಯನ್ನು ಮರೆತಳು. ಚರಿಗೆಯಿಂದ ಮೊದಲ ನೀರು ಬಿದ್ದ ಕೂಡಲೇ ಕೂಸು ಓಣಿ ಹಾರುವಂತೆ ಅತ್ತಿತು. ಗಾಜಿನ ಪೆಟ್ಟಿಗೆಯಲ್ಲಿ ಬೆಕ್ಕಿನ ಮರಿಯಂತೆ ಕುಂಯ್ ಅನ್ನುತ್ತಿದ್ದ ಕೂಸು! ನನಗೆ ಆ ಅಳು ಕೇಳಿ ನಗು ತಡೆಯಲಾಗಲಿಲ್ಲ.

"ಮೂಗು ತಿದ್ದಬೇಕಂತ, ದೇವದುರ್ಗದಿಂದ ಹುಕುಂ ಬಂದದ" ಅಂದೆ.

"ತಿದ್ತೀನಿ" ಅಂದಳು ಆಪಾ, ಎರಡು ಬೆರಳಿನಲ್ಲಿ ಹಗುರವಾಗಿ ಸವರುತ್ತಾ. "ನಿಮ್ಮ ಜೀಪಿನಾವನ ಮೂಗೂ ನಾನೇ ತಿದ್ದೀನಿ. ಎಷ್ಟು ಛಂದ ಅದ ನೋಡು. ತಲಿ ಒಳಗಿಂದು ನನ್ನ ಕೈಯಾಗಿದ್ದಿಲ್ಲ."

ಕಟ್ಟೆಯ ಮೇಲಿದ್ದ ನಾಲ್ಕೂ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಮಗಳು ಕೂಸನ್ನು ಸೀರೆಯಲ್ಲಿ ಸುತ್ತಿ ಒಳಗೆ ತೆಗೆದುಕೊಂಡು ಹೋಗುವಷ್ಟರಲ್ಲೇ ಅದಕ್ಕೆ ನಿದ್ದೆ ಬಂದಿತ್ತು. ಆಪಾ ಒದ್ದೆ ಕೈಯನ್ನು ನನ್ನ ಸೆರಗಿಗೇ ಒರೆಸಿ ಎದ್ದಳು.

"ನಾಳಿ ಒಂಬತ್ತಕ್ಕ ಬರ್ತೀನಿ" ಅಂದಳು. "ಹತ್ತು ಅಂದ್ರ ಬಿಸಿಲು ಏರ್ತದ."