ಬಂಡೆಯ ಬುಡದಲ್ಲಿ ಕನ್ಯಾ ನೋಡಿದ್ದು

ಬಂಡೆಗಳ ಬಗ್ಗೆ ನನಗೆ ಚಿಕ್ಕಂದಿನಿಂದಲೂ ಬಹಳ ಗೌರವ. ಗೌರವ ಇದ್ದಲ್ಲಿ ಕಾಲಿಡಬಾರದೆಂದು ಮನೆಯಲ್ಲಿ ಕಲಿಸಿದ್ದರಿಂದ, ಇಡೀ ಆಯುಷ್ಯವನ್ನು ಹೈದರಾಬಾದಿನಲ್ಲಿ ಕಳೆದರೂ ನಾನು ಒಂದು ಬಂಡೆಯನ್ನೂ ಹತ್ತಿದವನಲ್ಲ. ಈ ಊರಿನಲ್ಲಿ ಅದು ಸಣ್ಣ ಸಾಧನೆ ಅಲ್ಲ. ಎತ್ತ ನೋಡಿದರೂ ಬಂಡೆ. ಒಂದರ ಹೆಗಲ ಮೇಲೊಂದು ಕೂತ ಬಂಡೆ, ಬೀಳುವ ಹಾಗೆ ವಾಲಿ ನಿಂತು ಬೀಳುವುದನ್ನೇ ಮರೆತ ಬಂಡೆ, ಅಪಾರ್ಟ್‌ಮೆಂಟಿನವರು ಒಡೆಯಲಾಗದೆ ಸುತ್ತ ಹುಲ್ಲು ಬೆಳೆಸಿ ‘ಗಾರ್ಡನ್’ ಎಂದು ಕರೆದ ಬಂಡೆ.

ನಮ್ಮ ಮನೆಯಲ್ಲಿ ಈ ಸಂಸ್ಕಾರವನ್ನು ಮುರಿದವಳು ನನ್ನ ತಂಗಿಯ ಮಗಳು ಮೇಘನಾ. ಹಲ್ಲಿನ ಡಾಕ್ಟರು. ಬೀದರಿನಿಂದ ಓದಲು ಬಂದವಳು ದಿಲ್‌ಸುಖ್‌ನಗರದ ನಮ್ಮ ಮನೆಯಲ್ಲೇ ಉಳಿದಳು. ಭಾನುವಾರ ಬಂತೆಂದರೆ, ಮಡಚಿದ ದಪ್ಪ ಹಾಸಿಗೆಯೊಂದನ್ನು ಬೆನ್ನಿಗೆ ಕಟ್ಟಿಕೊಂಡು ಬೆಳಗ್ಗೆಯೇ ಹೊರಡುತ್ತಾಳೆ. ಗಚ್ಚಿಬೌಲಿಯ ಆಚೆಗಿರುವ ಬಂಡೆಗಳನ್ನು ಹಗ್ಗವಿಲ್ಲದೆ ಹತ್ತುವುದು, ಬಿದ್ದರೆ ಆ ಹಾಸಿಗೆಯ ಮೇಲೆ ಬೀಳುವುದು, ಇದು ಅವಳ ಹವ್ಯಾಸ. ಎದುರು ಮನೆಯಾಕೆ ಒಮ್ಮೆ ನನ್ನ ಹೆಂಡತಿ ಸುಮಿತ್ರಾಳನ್ನು ಪಕ್ಕಕ್ಕೆ ಕರೆದು, ವಾರವಾರ ಆ ಹುಡುಗಿಯನ್ನು ಹಾಸಿಗೆ ಸಮೇತ ಹೊರಗೆ ಹಾಕುತ್ತೀರಲ್ಲ, ಅಂಥದ್ದೇನು ಮಾಡಿದಳು ಪಾಪ ಎಂದು ಕೇಳಿದ್ದುಂಟು.

ಅವಳಿಗೊಂದು ಸಂಬಂಧ ಬಂತು. ಹುಡುಗ ಗಿರೀಶ, ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಆಡಿಬಿಡುವ ತಾಯಿ ಶಕುಂತಲಾಬಾಯಿ, ಕಲಬುರಗಿಯವರು, ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಕನ್ಯಾ ನೋಡಲು ಬಂದರು, ಚಹಾ ಆಯಿತು, ಚೂಡಾ ಆಯಿತು. ಬಂಡೆಯ ಸುದ್ದಿ ಎತ್ತಬಾರದೆಂದು ಸುಮಿತ್ರಾ ಎಲ್ಲರಿಗೂ ತಾಕೀತು ಮಾಡಿದ್ದಳು. ಹೊರಡುವಾಗ ಶಕುಂತಲಾಬಾಯಿ ಹಣ್ಣು ಕೊಡಲೆಂದು ಮೇಘನಾಳ ಕೈ ಹಿಡಿದವರು ಬಿಡಲೇ ಇಲ್ಲ.

“ಏನವಾ ಇದು, ಅಂಗೈ ಎಲ್ಲಾ ಕಿತ್ತು ಹೋಗೇತಿ! ಹಲ್ಲ ಕೀಳ್ತೀಯೋ, ಕಟಗಿ ಒಡೀತೀಯೋ?”

ಮೇಘನಾಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಹಲ್ಲು ಕೀಳುವ ಮೊದಲು ರೋಗಿಗೆ ‘ನೋಯತೇತಿ’ ಎಂದೇ ಹೇಳುವವಳು. “ಕಲ್ಲ ಹತ್ತತೀನ್ರಿ” ಎಂದಳು.

ಸಂಬಂಧ ಇಲ್ಲಿಗೆ ಮುಗಿಯಿತೆಂದು ನಾನು ಚೂಡಾದ ತಟ್ಟೆ ಕೆಳಗಿಟ್ಟೆ. ಆಮೇಲೆ ಮತ್ತೆ ಎತ್ತಿಕೊಂಡೆ; ಚೂಡಾದ್ದೇನೂ ತಪ್ಪಿರಲಿಲ್ಲ.

“ಹಂಗೇನು? ಬರೂ ಐತ್ವಾರ ನಾವೂ ಬರ್ತೀವಿ. ನೋಡೇಬಿಡೂಣು” ಎಂದರು ಶಕುಂತಲಾಬಾಯಿ, ಶಾಲಾ ತಪಾಸಣೆಗೆ ಹೊರಟವರ ಧ್ವನಿಯಲ್ಲಿ.

ಭಾನುವಾರ ಎರಡೂ ಮನೆಯವರು ಬಂಡೆಗಳ ನಡುವೆ ಸೇರಿದೆವು. ಹಿರಿಯನಾಗಿ ಸಭೆಯನ್ನು ಆರಂಭಿಸುವ ಹೊಣೆ ನನ್ನದೆಂದು, ಈ ಕಲ್ಲು ಭೂಮಿಯ ಹೊಟ್ಟೆಯಲ್ಲಿ ಕುದಿಯುತ್ತಿದ್ದದ್ದು, ತಣ್ಣಗಾಗಿ ಗಟ್ಟಿಯಾದದ್ದು, ಮೇಲಿನ ಮಣ್ಣು ಕೊಚ್ಚಿಹೋಗಿ ಹೊರಬಿದ್ದದ್ದು, ಇದರ ವಯಸ್ಸು ಕೋಟಿಗಟ್ಟಲೆ ವರ್ಷ ಎಂದೆಲ್ಲ ವಿವರಿಸತೊಡಗಿದೆ.

“ಕಲ್ಲಿನ ವಯಸ್ಸು ಇರಲಿ ಸಾಹೇಬ್ರ, ಹುಡುಗೀದು ಎಷ್ಟಂದ್ರಿ?”

ಇಪ್ಪತ್ತೇಳು ಎಂದೆ. ಕೋಟಿಗಳ ಪಕ್ಕದಲ್ಲಿ ಅದು ಕಡಿಮೆಯಾಗಿ ಕೇಳಿಸಲಿ ಎಂದು ಹಾರೈಸಿದೆ.

ಅಷ್ಟರಲ್ಲಿ ಮೇಘನಾ ಹಾಸಿಗೆ ಬಿಚ್ಚಿ, ಹಿಡಿತ ಜಾರದಿರಲೆಂದು ಕೈಗೆ ಬಿಳಿ ಪುಡಿ ಬಳಿದುಕೊಂಡು, ಮನೆಯೆತ್ತರದ ಬಂಡೆಯೊಂದರ ಮುಂದೆ ನಿಂತಳು. “ಇದು ನನ್ನ ಪ್ರಾಬ್ಲಂ ರಿ. ಮಳಿಗಾಲ ಮುಗದಾಗಿಂದ ಇದರ ಬೆನ್ನ ಹತ್ತೀನಿ, ಬಗಿಹರಿವಲ್ದು” ಎಂದಳು. ಬಂಡೆಯ ಒಂದೊಂದು ದಾರಿಗೂ ಹತ್ತುವವರ ಭಾಷೆಯಲ್ಲಿ ‘ಪ್ರಾಬ್ಲಂ’ ಎಂದೇ ಹೆಸರು. ಅದು ಶಕುಂತಲಾಬಾಯಿಗೆ ಹೇಗೆ ಗೊತ್ತಿರಬೇಕು? ಅವರು ನನ್ನ ಕಡೆ ಬಗ್ಗಿ ಧ್ವನಿ ತಗ್ಗಿಸಿದರು.

“ಪ್ರಾಬ್ಲಂ ಐತಿ ಅಂತ ಮೊದಲ ಹೇಳಬೇಕಿತ್ತಲ್ರಿ. ಡಾಕ್ಟರಿಗೆ ತೋರ್ಸೀರೇನು?”

“ಅಕೀಗಲ್ರಿ, ಕಲ್ಲಿಗೆ!” ಎಂದೆ ಗಾಬರಿಯಲ್ಲಿ. ಅವರು ಈಗ ನನ್ನನ್ನೂ ಅದೇ ಅನುಮಾನದಿಂದ ನೋಡಿದರು.

ಮೇಘನಾ ಹತ್ತಿದಳು, ಬಿದ್ದಳು. “ಅಯ್ಯ ನಮ್ಮವ್ವ!” ಎಂದು ಚೀರಿದ ಶಕುಂತಲಾಬಾಯಿ ಎದೆ ಹಿಡಿದುಕೊಂಡರು. ಮತ್ತೆ ಹತ್ತಿದಳು, ಮತ್ತೆ ಬಿದ್ದಳು. ಬೀಳುವುದು ಮುಂದುವರಿದಂತೆ ಚೀರಾಟ ಕಡಿಮೆಯಾಗಿ ಸೂಚನೆಗಳು ಶುರುವಾದವು. “ಬಲಗಡೆ ಬಿರುಕ ಐತಿ ನೋಡು, ಅದನ್ನ ಹಿಡಿ! ಕಾಲ ಮ್ಯಾಲ ತಗೋ!” ಕೊನೆಗೆ ಕೇಳಿದರು: “ನಿನ್ನ ಹಿಂದ ಯಾರೂ ನಿಂದ್ರಂಗಿಲ್ಲೇನು?”

“ನಿಂದ್ರತಾರ್ರಿ. ತಲಿ ಕಲ್ಲಿಗೆ ಬಡೀದಂಗ ಹಾಸಿಗಿ ಕಡೆ ತಿರುಗಸ್ತಾರ. ನನ್ನ ಗೆಳತಿ ಇವತ್ತ ಬಂದಿಲ್ಲ.”

“ಗಿರೀಶ, ಏಳು.”

ಹೆಸರಿಗೆ ಬೆಟ್ಟದೊಡೆಯನಾದ ಗಿರೀಶ ಶರ್ಟಿನ ತೋಳು ಮಡಚಿಕೊಂಡು ಹೋಗಿ ಬಂಡೆಯ ಕೆಳಗೆ ಎರಡೂ ಕೈ ಚಾಚಿ ನಿಂತ. “ಪ್ರಸಾದಕ್ಕ ನಿಂತಂಗ ನಿಂದ್ರಬ್ಯಾಡ್ರಿ” ಎಂದಳು ಮೇಘನಾ. “ಕೈ ನನ್ನ ಬೆನ್ನಿನ ಕಡೆ ಇರಲಿ. ಮೊಳಕಾಲ ಸಡ್ಲ ಬಿಡ್ರಿ.” ಅವನು ಹಾಗೆಯೇ ಮಾಡಿದ. ಅವಳು ಹತ್ತಿದಳು. ಈ ಸಲ ಹಿಂದೆಂದಿಗಿಂತ ಮೇಲಕ್ಕೆ ಹೋದಳು. ಅಂಚಿಗೆ ಬೆರಳು ತಾಗಿತು. ಜಾರಿತು.

ಗಿರೀಶ ಪಕ್ಕಕ್ಕೆ ಸರಿಯಬಹುದಿತ್ತು. ನಾನಾಗಿದ್ದರೆ ಗಚ್ಚಿಬೌಲಿಯವರೆಗೂ ಸರಿಯುತ್ತಿದ್ದೆ. ಅವನು ಸರಿಯಲಿಲ್ಲ. ಅವಳು ಅವನ ಮೇಲೆ, ಅವನು ಹಾಸಿಗೆಯ ಮೇಲೆ, ಇಬ್ಬರ ಮೇಲೂ ಬಿಳಿ ಪುಡಿಯ ಮೋಡ. ಹಿರಿಯರಾದ ನಾವು ಮೂವರೂ ಕೂಡಲೇ ಮೂರು ದಿಕ್ಕು ನೋಡತೊಡಗಿದೆವು. ನನ್ನ ಪಾಲಿಗೆ ಬಂದದ್ದು ಒಂದು ಮೊಬೈಲ್ ಟವರು.

“ತಲಿಗೆ ಪೆಟ್ಟ ಹತ್ತಿಲ್ಲಲ್ರಿ?” ಎಂಬ ಗಿರೀಶನ ಧ್ವನಿ ಕೇಳಿಸಿತು. ಆ ದಿನ ಅವನು ಆಡಿದ ಮೊದಲ ಮಾತು ಅದು.

“ನನಗಿಲ್ಲ. ನಿಮ್ಮ ತುಟಿ ಒಡದೈತಿ. ಬಾಯಿ ತಗೀರಿ.” ಅವನು ವಿಧೇಯನಾಗಿ ತೆಗೆದ. ಅವಳು ಅವನ ಮುಖವನ್ನು ಬಿಸಿಲಿಗೆ ತಿರುಗಿಸಿ ಒಳಗೆಲ್ಲ ನೋಡಿದಳು. “ಹಲ್ಲಿಗೇನೂ ಆಗಿಲ್ಲ. ಹಿಂದಿನ ದವಡಿಯಾಗ ಒಂದು ಹುಳಕೈತಿ.”

“ಲಗ್ನದ ಮೊದಲ ತುಂಬಿಸಿಬಿಡವಾ ಅದನ್ನ” ಎಂದರು ಶಕುಂತಲಾಬಾಯಿ.

ಸುಮಿತ್ರಾ ನನ್ನ ತೋಳು ಚಿವುಟಿದಳು. ಆದರೆ ಮೇಘನಾ ಎದ್ದು ಬಟ್ಟೆ ಕೊಡವಿಕೊಳ್ಳುತ್ತ, “ಲಗ್ನದ ಮಾತು ಆಮ್ಯಾಲಿರಲಿ ರಿ. ಇವರು ಇನ್ನಷ್ಟು ಐತ್ವಾರ ನಿಂದ್ರಲಿ, ನೋಡೂಣು” ಎಂದಳು. ಕನ್ಯೆಯನ್ನು ನೋಡಲು ಬಂದವರು ವರನನ್ನು ಪರೀಕ್ಷೆಗೆ ಒಪ್ಪಿಸಿ ಮನೆಗೆ ಹೋದರು. ಅವನು ಚಳಿಗಾಲವಿಡೀ ಬಂದು ನಿಂತ. ಯುಗಾದಿಯ ಹೊತ್ತಿಗೆ ಅವಳು ಒಪ್ಪಿದಳು, ಬೇಸಿಗೆಯಲ್ಲಿ ಮದುವೆಯೂ ಆಯಿತು. ಬಂಡೆ ಮಾತ್ರ ಇನ್ನೂ ಒಪ್ಪಿಲ್ಲ.

ಆ ಮೊದಲ ಭಾನುವಾರ ಮೆಟ್ರೋದಲ್ಲಿ ಮನೆಗೆ ಮರಳುವಾಗ ಸುಮಿತ್ರಾ ನನ್ನ ಪಕ್ಕದಲ್ಲಿ ಕೂತಳು. ಆಮೇಲೆ ಕೇಳಿದಳು: “ನನ್ನ ನೋಡಾಕ ಬಂದಾಗ ನಮ್ಮಪ್ಪ ನಿಮಗ ಏನ ಕೇಳಿದ್ರು?”

“ನೌಕರಿ ಪರ್ಮನೆಂಟೇನು ಅಂತ ಕೇಳಿದ್ರು.”

“ಅಷ್ಟ?” ಎಂದು ನಿಟ್ಟುಸಿರಿಟ್ಟಳು. “ಈಗ ಖರೇ ಹೇಳ್ರಿ. ನಾ ಮ್ಯಾಲಿಂದ ಬಿದ್ರ ಹಿಡೀತೀರೇನು?”

ನಾನು ಅವಳನ್ನು ನೋಡಿದೆ. ಫೈಲುಗಳಿಗಿಂತ ಭಾರವಾದದ್ದೇನನ್ನೂ ಎತ್ತದ ನನ್ನ ತೋಳುಗಳನ್ನೂ ನೋಡಿಕೊಂಡೆ.

“ಹಿಡ್ಯಾಕ ಆಗೂದಿಲ್ಲ” ಎಂದೆ. “ಕೆಳಗ ಇರ್ತೀನಿ.”

ಅವಳು ನನ್ನ ಹೊಟ್ಟೆಯನ್ನು ಒಮ್ಮೆ ಅಳೆಯುವಂತೆ ನೋಡಿ, ನನ್ನ ಕಡೆ ಸ್ವಲ್ಪ ಸರಿದು ಕೂತಳು.

“ಹಂಗಾದ್ರ ತೂಕ ಇಳಸಬ್ಯಾಡ್ರಿ” ಎಂದಳು.