ಆರಾಮಲ್ಲಿ ಹೋಗುವ ಸೈಕಲ್ಲು

ಬಾಗಿ ಸೈಕಲ್ ಹೊಡೆದರೆ ನನ್ನ ಸೊಂಟ ಹಿಡಿಯುತ್ತಿತ್ತು. ಹಾಗಂತ ಬಸ್ಸಿನಲ್ಲಿ ಕಂಬಿಗೆ ನೇತು ಉರ್ವದಿಂದ ಕದ್ರಿಯ ಆಫೀಸಿಗೆ ಹೋಗುವ ತ್ರಾಣವೂ ಉಳಿದಿರಲಿಲ್ಲ. ಗಂಡನ ಸ್ಕೂಟರಿನ ಹಿಂದೆ ಕೂತರೆ ಅವರು ಹೊರಟಾಗ ಹೊರಡಬೇಕು, ಅವರು ಬರುವವರೆಗೆ ಕಾಯಬೇಕು. ಆ ಹಂಗು ನನಗೆ ಬೇಡ. ಪಣಂಬೂರಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡಿ ನಿವೃತ್ತರಾಗಿ ಅವರು ಮನೆಯಲ್ಲೇ ಇದ್ದರಲ್ಲ, ಒಂದು ದಿನ ಅವರಿಗೇ ಹೇಳಿದೆ: "ಆರಾಮಲ್ಲಿ ಹೋಗುವ ಹಾಗೆ ಒಂದು ಸೈಕಲ್ ಮಾಡಿ ಕೊಡಿ ಮಾರಾಯ್ರೆ."

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಸಂಜೆ ಆಫೀಸಿನಿಂದ ಬಂದು ಚಾ ಕುಡಿಯುವ ಮೊದಲೇ ಗೋಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುವರು. ಬೆನ್ನು ನೇರ ಮಾಡು, ಮೊಣಕೈ ಸಡಿಲ ಬಿಡು, ಕಾಲು ಮುಂದೆ ಚಾಚು. ಗೋಡೆಯ ಮೇಲೆ ಚಾಕ್‌ಪೀಸಿನ ಗುರುತು. ನನಗೆ ಕೂತಲ್ಲೇ ತೂಕಡಿಕೆ. ತಲೆ ವಾಲಿದರೆ ಅಳತೆ ತಪ್ಪಿತು ಅಂತ ಅವರ ಗೊಣಗಾಟ. ಆದರೂ ಪರಿಚಯದವರ ಗ್ರಿಲ್ಲಿನ ಅಂಗಡಿಯಲ್ಲಿ ಬೆಸುಗೆ ಹಾಕಿ ತಂದ ಫ್ರೇಮು ಚೆಂದ ಬಂದಿತ್ತು, ಸುಳ್ಳು ಹೇಳಬಾರದು. ಹ್ಯಾಂಡಲ್ ಎತ್ತರಕ್ಕೆ ಬಂದು ಕೈಗೆ ತಾನಾಗಿ ಸಿಗುತ್ತಿತ್ತು, ಪೆಡಲು ಸೀಟಿಗಿಂತ ಎಷ್ಟೋ ಮುಂದೆ. ಅಂಗಳದಲ್ಲಿ ಒಂದು ಸುತ್ತು ಹೊಡೆದೆ, ಸೊಂಟ ಉಂಟೋ ಇಲ್ಲವೋ ಗೊತ್ತಾಗಲಿಲ್ಲ. ಖುಷಿಯಾಯಿತು.

ಸೋಮವಾರ ಅದರಲ್ಲೇ ಆಫೀಸಿಗೆ ಹೊರಟೆ. ಕದ್ರಿಯ ಏರು ಸಿಕ್ಕಿದ್ದೇ ತಡ, ಸೈಕಲ್ ನಿಂತಿತು. ಮುಂದೆ ಚಾಚಿದ ಕಾಲಿನಿಂದ ಬಲ ಹಾಕಲಾಗದು, ಎದ್ದು ತುಳಿಯೋಣವೆಂದರೆ ಹ್ಯಾಂಡಲ್ ಹೊಟ್ಟೆಗೆ ಒತ್ತುತ್ತದೆ. ಇಳಿದು ನೂಕಿದೆ. ಹೇಗೆ ಓಡುತ್ತದೆಂದು ನೋಡಲು ಸ್ಕೂಟರಿನಲ್ಲಿ ಹಿಂದೆಯೇ ಬಂದಿದ್ದ ಗಂಡ ಪಕ್ಕದಲ್ಲಿ ನಿಲ್ಲಿಸಿದರು. ಇಲ್ಲಿ ಏರು ಉಂಟೆಂದು ನಿಮಗೆ ಗೊತ್ತಿಲ್ಲವಾ ಎಂದು ರೇಗಿದೆ.

"ಇದು ಏರಿಗೆ ಮಾಡಿದ್ದಲ್ಲ," ಎಂದರು. "ನೀನೇ ಹೇಳಿದ್ದಲ್ವಾ, ಆರಾಮಲ್ಲಿ ಹೋಗ್ಲಿಕ್ಕೆ ಅಂತ. ಕೆಲಸ ಬಿಟ್ಟ ಮೇಲೆ ಮಾರ್ಕೆಟಿಗೆ, ಬೀಚಿಗೆ ಹೋಗ್ಲಿಕ್ಕೆ ಅಂತ ನಾನು ಗ್ರಹಿಸಿದ್ದು."

"ಕೆಲಸ ಬಿಡ್ತೇನೆ ಅಂತ ನಾನು ಯಾವಾಗ ಹೇಳಿದ್ದು?"

"ಹೇಳ್ಲಿಲ್ಲ. ಸಂಜೆ ನೀನು ಬರುವ ಅವಸ್ಥೆ ದಿನಾ ನೋಡ್ತೇನಲ್ಲ. ಸಾಕಲ್ವಾ ಇನ್ನು, ಮಾರಾಯ್ತಿ?"

ಮೈಯೆಲ್ಲ ಉರಿಯಿತು. ಅವರನ್ನು ಅಲ್ಲೇ, ಹೋಗುವವರೆಲ್ಲ ಕೇಳುವಂತೆ ಬೈಯಬೇಕೆಂದಿತ್ತು. ಆದರೆ ಬಾಯಿ ತೆರೆದರೆ 'ಹೌದು, ಸಾಕು' ಅಂತಲೇ ಬಂದುಬಿಡುತ್ತದೆಂದು ಹೆದರಿಕೆಯಾಗಿ, ಸೈಕಲ್ ನೂಕಿಕೊಂಡು ಆಫೀಸಿನ ಕಡೆ ಹತ್ತಿದೆ.