ನ್ಯಾಲ್ಕಲ್‌ನ ರ‍್ಯಾಪರ್, ನನ್ನ ತಮ್ಮ

ನನ್ನ ತಮ್ಮ ಶಿವರಾಜ ರ‍್ಯಾಪ್ ಹಾಡುತ್ತಾನೆ. ಮಾತನ್ನೇ ತಾಳಕ್ಕೆ ಓಡಿಸುವ ಹಾಡು ಅದು. ಗಡಿಯಂಚಿನ ನಮ್ಮೂರು ನ್ಯಾಲ್ಕಲ್‌ನಿಂದ ಜಹೀರಾಬಾದಿಗೆ ಆಟೊ ಹೊಡೆಯುತ್ತಲೇ ಹಾಡು ಕಟ್ಟುತ್ತಾನೆ. ಹತ್ತಿದವರು, "ಅಣ್ಣಾ, ಜರಾ ರಸ್ತಾ ನೋಡ್ರಿ" ಎಂದು ಕೈಮುಗಿಯುತ್ತಾರೆ. ಒಂದೇ ಹಾಡಿನಲ್ಲಿ ನಮ್ಮ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಇರುತ್ತವೆ. ಹೈದರಾಬಾದಿನ ರ‍್ಯಾಪ್ ತಂಡದ ಹುಡುಗರು, ಬರೀ ತೆಲುಗಿನಲ್ಲಿ ಹಾಡಿದರೆ ಜೊತೆಗೆ ಸೇರಿಸಿಕೊಳ್ಳುತ್ತೇವೆ ಎಂದರು. ಒಲ್ಲೆ ಎಂದು ತಿರುಗಿ ಬಂದ. ಐದು ವರ್ಷದಲ್ಲಿ ಎಂಟು ಹಾಡು, ತಾಂಡೂರಿನಲ್ಲಿ ಒಂದೇ ಒಂದು ಕಾರ್ಯಕ್ರಮ. ಅಲ್ಲಿದ್ದ ನಲವತ್ತು ಮಂದಿಯಲ್ಲಿ ಅರ್ಧ ಊಟಕ್ಕೆ ಕಾದವರು. ಹುಚ್ಚಪ್ಪ ಅವನು! ಆದರೂ ಹಾಡಲು ನಿಂತರೆ ನನ್ನ ಕಣ್ಣು ತುಂಬುತ್ತದೆ.

ಅವ್ವ ಸಾಬಮ್ಮ ಮಾತ್ರ ಒಂದು ಹಾಡನ್ನೂ ಕೂತು ಕೇಳಿರಲಿಲ್ಲ. ಅವಳು ಒಮ್ಮೆ ಕೇಳಬೇಕು ಎನ್ನುವುದೇ ಅವನ ಆಸೆ. ಕುರಿ ಕಾಯುತ್ತಿದ್ದ ಅಪ್ಪ ಹೋದ ವರ್ಷ ತೀರಿಕೊಂಡ. ಅಪ್ಪನ ಮೇಲೆ ಕಟ್ಟಿದ ಹಾಡನ್ನಾದರೂ ಕೇಳಿಯಾಳು ಎಂದುಕೊಂಡಿದ್ದ.

ಆ ಹಾಡಿಗೇ ಎಡವಟ್ಟು ಮಾಡಿಕೊಂಡ. ರೆಕಾರ್ಡ್ ಮಾಡುವಾಗ ರಸ್ತೆಯ ಜೀಪಿನ ಹಾರನ್ ಕೇಳಬಾರದೆಂದು, ಅಪ್ಪನ ಕರಿ ಕಂಬಳಿಯನ್ನು ಕಿಟಕಿಗೆ ಮೊಳೆ ಹೊಡೆದು ಬಿಗಿದ. ನಾವು ದೇವರ ಕೆಲಸಕ್ಕೂ ಕಂಬಳಿಯನ್ನೇ ಹಾಸುವವರು. ಅದಕ್ಕೆ ಮೊಳೆ ಹೊಡೆಯುವುದುಂಟೇ?

"ನಿಮ್ಮಪ್ಪನ ಮೈಗಿ ಮೊಳಿ ಹೊಡ್ದಂಗ ಆತಲ್ಲೋ!" ಎಂದು ಅವ್ವ ಗೋಳೋ ಎಂದು ಅತ್ತಳು. ಅಂದಿನಿಂದ ಅವನೊಡನೆ ಮಾತು ಬಿಟ್ಟಳು. ಅವನ ರೊಟ್ಟಿಯನ್ನೂ ನನ್ನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದಳು.

"ಬುದ್ಧಿ ಎಲ್ಲಿ ಮೇಯಾಕ ಹೋಗಿತ್ತಲೇ?" ಎಂದು ನಾನೂ ಬೈದೆ. ಅವನು ಮೊಳೆ ಕಿತ್ತು, ತೂತುಗಳನ್ನು ಕರಿ ಉಣ್ಣೆಯಿಂದ ತಾನೇ ಹೊಲಿದ.

ಹತ್ತನೆಯ ದಿನ ಮಧ್ಯಾಹ್ನ, ಹಾರನ್ ಕೇಳದಂತೆ ಅದೇ ಕಂಬಳಿಯನ್ನು ತಲೆ ತುಂಬ ಹೊದ್ದು, ಫೋನ್ ಬಾಯಿಯ ಹತ್ತಿರ ಹಿಡಿದು ಹಾಡತೊಡಗಿದ. ಅವ್ವ ಹೊಸ್ತಿಲ ಬಳಿ ತೊಗರಿಬೇಳೆ ಆರಿಸುತ್ತಿದ್ದಳು. "ಹಿಂಡಿನ ಮುಂದ ಹುಲಿಯಂಗ ನಡದ ನಮ್ಮಪ್ಪ" ಎಂಬ ಸಾಲು ಬಂದದ್ದೇ ತಡ, ಮೊರ ಕೆಳಗಿಟ್ಟು ಎದ್ದಳು.

"ಸುಳ್ಳ ಹಾಡಬ್ಯಾಡ."

ಶಿವರಾಜ ಕಂಬಳಿಯಿಂದ ಮುಖ ಹೊರಗೆ ಹಾಕಿದ. "ಏನ್ ಸುಳ್ಳವ್ವಾ?"

"ಅವ್ರು ಮುಂದ ಎಲ್ಲಿ ನಡದ್ರು? ಹಿಂದ ನಡೀತಿದ್ರು. ಕುಂಟ ಕುರಿ ಒಂದೇ ಉಳದ್ರ ಅಂಜ್ತದ ಅಂತಿದ್ರು."

"ಹಂಗಾದ್ರ ನೀನೇ ಹೇಳವ್ವಾ, ಫೋನ್‌ನಾಗ."

ಅವ್ವ ಹೊಲಿಗೆಯನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ, ಅವನ ಪಕ್ಕದಲ್ಲಿ ಕಂಬಳಿಯೊಳಗೆ ಕೂತಳು. ಆಮೇಲೆ ಒಳಗಿನಿಂದ ಅವಳ ದನಿ ಬಂತು: "ಧರ್ಮಣ್ಣ ಹಿಂದ ನಡೀತಿದ್ರು. ಕುಂಟ ಕುರಿ ಸಂಗಾಟ ನಡೀತಿದ್ರು."

ಅವಳ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ನನ್ನಿಂದ ಹೇಳಿಸುತ್ತಿದ್ದಳು. ನನ್ನ ಇಪ್ಪತ್ತಾರು ವರ್ಷದಲ್ಲಿ ಅವ್ವನ ಬಾಯಲ್ಲಿ ಅಪ್ಪನ ಹೆಸರು ಕೇಳಿದ್ದು ಅದೇ ಮೊದಲು.